ಮಳೆಗೆ ಮನೆ ತಯಾರಿ ಬಿಸುವಿಗೇ ಮುಗಿಯಲಿ

ಕಾಸರಗೋಡು ಕಡೆ ಮಳೆಗಾಲದ ಕೆಲಸಕ್ಕೆ ಪತ್ತನಾಜೆಯೇ (ತುಳುವರ ಬೇಷ ತಿಂಗಳ ಹತ್ತನೆಯ ದಿನ) ಗಡು. ಅದು ಬರುವುದು ಮೇ 24ರ ಆಸುಪಾಸು. ಸಿಡಿಲು, ಗಾಳಿ, ಗಂಟೆಯೊಳಗೆ ತೋಡು (ಹಳ್ಳ) ತುಂಬಿಸುವ ಮಳೆ ಅಲ್ಲಿವರೆಗೆ ಕಾಯುವುದಿಲ್ಲ. ಉತ್ತರದವರ ಧೂಳುಗಾಳಿ, ಬಂಗಾಳದ ಕಾಲಬೈಸಾಖಿ ಎಂಬ ಬೇಸಿಗೆಯ ಗುಡುಗುಮಳೆ, ನಮ್ಮ ಮಾವಿನ ಮಳೆ ಎಲ್ಲವೂ ಹಗಲು ಕಾದ ನೆಲದ ಬಿಸಿ ಗಾಳಿ ಮೇಲೇರಿ ಹುಟ್ಟುವಂಥವೇ. ಹಾಗಾಗಿ ಏಪ್ರಿಲ್ ನಡುವಿನ ಬಿಸು ಹಬ್ಬಕ್ಕೇ ಕೆಲಸ ಮುಗಿಸಿ.

ಮೊದಲು ಮಾಡಿನ ನೀರು. ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರಾಯಿತು. ಸಾವಿರ ಚದರಡಿ ಮಾಡಿನ ಮೇಲೆ 50 ಮಿ.ಮೀ. ಸುರಿದರೆ 4,600 ಲೀಟರ್ ದಾಟುತ್ತದೆ. ಮಾಡಿನ ಅಂಚಿನ ನೀರು ಹಿಡಿಯುವ ದಂಬೆಯಲ್ಲಿ ಬೇಸಿಗೆಯ ತರಗೆಲೆ ತುಂಬಿದ್ದರೆ ಅಷ್ಟೂ ಗೋಡೆಗೇ. ಗುಡಿಸಿದ ಮೇಲೆ ದಂಬೆಯ ತುದಿಯಲ್ಲಿ ಒಂದು ಕೊಡಪಾನ ನೀರು ಹೊಯ್ದು ನೋಡಿ. ನಡುವೆ ನಿಂತರೆ ಎರಡು ಮೀಟರಿಗೆ ಒಂದು ಸೆಂ.ಮೀ. ಇಳಿಜಾರು ಬರುವಂತೆ ಕೊಕ್ಕೆ ಸರಿಪಡಿಸಿ. ಪೈಪಿನ ಬಾಯಿಗೆ ಸೊಳ್ಳೆಬಲೆ ಬೇಡ, ಒಂದೇ ಮಳೆಗೆ ಕಟ್ಟಿಕೊಳ್ಳುತ್ತದೆ. ಅರ್ಧ ಇಂಚು ಕಣ್ಣಿನ ಬಲೆ ಸಾಕು. ಮನೆ ಹಿಂದಿನ ಗುಡ್ಡದ ಅಗಳನ್ನೂ (ನೀರು ಹರಿಯುವ ಕಣಿ) ಈಗಲೇ ತೆಗೆಸಿ.

ತೋಡಿಗೆ ಹಲಗೆಯ ಕಟ್ಟ (ಸಣ್ಣ ಒಡ್ಡು) ಹಾಕಿದವರು ಹಲಗೆ ತೆಗೆಯುವುದಕ್ಕೆ ಉದಾಸೀನ ಮಾಡುತ್ತಾರೆ, ತೋಟಕ್ಕೆ ಇನ್ನೊಂದು ವಾರ ನೀರು ಸಿಗಲಿ ಎಂದು. ಆ ಆಸೆಗೆ ಬೆಲೆ ತೆರುವುದು ಹೆಚ್ಚಾಗಿ ಕೆಳಗಿನ ಮನೆಯವರು. ಎಲ್ಲ ಹಲಗೆ ತೆಗೆಯಲು ಮನಸ್ಸಿಲ್ಲದಿದ್ದರೆ ಮೇಲಿನ ಎರಡನ್ನಾದರೂ ತೆಗೆಯಿರಿ. ಕೆಂಪು ನೀರು ಕಾಲುಸಂಕವನ್ನು ಮುಟ್ಟುತ್ತಿದ್ದರೆ ದಾಟಬೇಡಿ. ಮೊಣಕಾಲಿನಷ್ಟು ಹರಿಯುವ ನೀರು ಗಟ್ಟಿ ಆಳನ್ನೂ ಕೆಡವುತ್ತದೆ. ಮಳೆ ಸುರಿಯುತ್ತಿರುವಾಗಲೇ ತೋಡಿನ ನೀರು ತಟ್ಟನೆ ಇಳಿದರೆ ಮೇಲೆಲ್ಲೋ ಮಣ್ಣು ಜಾರಿ ನೀರು ಕಟ್ಟಿಕೊಂಡಿರಬಹುದು. ಸಾಮಾನಿನ ಆಸೆ ಬಿಟ್ಟು ಎತ್ತರಕ್ಕೆ ಹೋಗಿ, ಆಮೇಲೆ ಜಿಲ್ಲೆಯ ತುರ್ತು ಸಹಾಯ ಸಂಖ್ಯೆ 1077ಕ್ಕೆ ಫೋನ್ ಮಾಡಿ. ಮಳೆ ಬಂದ ಮೇಲೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದೊಳಗೆ ಹೋಗುವ ಮಾತೇ ಬೇಡ.

ಸಿಡಿಲು ಹೆಚ್ಚಾಗಿ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರೊಳಗೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಅದು ಹತ್ತು ಕಿ.ಮೀ. ಒಳಗೇ ಇದೆ. ಅಂಗಳದ ಅಡಿಕೆಗೆ ಟಾರ್ಪಾಲು ಹೊದೆಸಲು ಜನ ಓಡುವುದೂ ಆಗಲೇ. ಅಡಿಕೆ ನೆನೆದರೆ ಮತ್ತೆ ಒಣಗೀತು, ಬಿಡಿ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಒಳಗಿರಿ. ಸ್ವಿಚ್ ಆರಿಸಿದರೆ ಸಾಲದು. ಟಿವಿ, ಮೋಡೆಮ್, ಫ್ರಿಜ್ಜಿನ ಪ್ಲಗ್ಗನ್ನೂ ಕೇಬಲನ್ನೂ ಎಳೆದಿಡಿ, ಅದೂ ಗುಡುಗು ಶುರುವಾಗುವ ಮೊದಲೇ. ಬೇಸಿಗೆಯಲ್ಲಿ ಮುರಕಲ್ಲಿನ (ಕೆಂಪುಕಲ್ಲಿನ) ನೆಲ ಒಣಗಿ ಅರ್ತ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅರ್ತ್ ಗುಂಡಿಗೆ ವಾರಕ್ಕೆರಡು ಸಲ ಒಂದೊಂದು ಬಕೆಟ್ ನೀರು ಹಾಕಿ.

ಸೆಕೆಯ ವಿಷಯ. ನಮ್ಮ ಕರಾವಳಿಯಲ್ಲಿ ಬೆವರು ಆರುವುದಿಲ್ಲ, ಅದಕ್ಕೇ 35 ಡಿಗ್ರಿಯೂ ಒಳನಾಡಿನ 40ರ ಹಾಗೆ ಹಣಿಯುತ್ತದೆ. ಹನ್ನೊಂದರಿಂದ ಮೂರರವರೆಗೆ ತೋಟದ ಕೆಲಸ ನಿಲ್ಲಿಸಿ. ಬೊಂಡ (ಎಳನೀರು), ಉಪ್ಪು ಹಾಕಿದ ಗಂಜಿತೆಳಿ, ನೀರು ಮಜ್ಜಿಗೆ ಒಳ್ಳೆಯದು. ವಾಂತಿ-ಭೇದಿಯಾದವರಿಗೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಉಪ್ಪು ಕಣ್ಣಳತೆಯಲ್ಲಿ ಹಾಕಬೇಡಿ. ಮೈ ಕಾದು ಮಾತು ತೊದಲಿದರೆ ಮೈಗೆ ನೀರು ಹಾಕಿ ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹೊಯ್ಯಬೇಡಿ.

ಅಂಗಳದ ನೀರು ಬಾವಿಗೆ ಇಳಿದಿದ್ದರೆ ಬ್ಲೀಚಿಂಗ್ ಪುಡಿ ಹಾಕಲೇಬೇಕು. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ಮತ್ತೆ ನೀರಿನ ಆಳದಿಂದ, ಆಮೇಲೆ 785ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಎರಡು ಮೀಟರ್ ಅಗಲ, ಮೂರು ಮೀಟರ್ ನೀರು ಇದ್ದರೆ 9,420 ಲೀಟರ್. ಸಾವಿರ ಲೀಟರಿಗೆ ಸಾಧಾರಣವಾಗಿ 2.5 ಗ್ರಾಂ, ನೆರೆನೀರು ಸೇರಿದ್ದರೆ 5 ಗ್ರಾಂ. ಅಂದರೆ ಈ ಬಾವಿಗೆ 50 ಗ್ರಾಂ ಹತ್ತಿರ. ಪ್ಲಾಸ್ಟಿಕ್ ಬಕೆಟಿನಲ್ಲಿ ಪುಡಿಯನ್ನು ಹಿಟ್ಟಿನ ಹಾಗೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ನೀರು ಸೇದಬೇಡಿ. ಕುಡಿಯುವ ನೀರನ್ನು ಆಮೇಲೂ ಕುದಿಸಿಯೇ ಕುಡಿಯಿರಿ. ಹೋದ ವರ್ಷದ ಪೊಟ್ಟಣ ಬಿಚ್ಚಿದಾಗ ಮೂಗಿಗೆ ಘಾಟು ಹೊಡೆಯದಿದ್ದರೆ ಅದರ ಸತ್ವ ಹೋಗಿದೆ, ಹೊಸದು ತನ್ನಿ.