ಹಳೆಯ ಟೂ ಸ್ಟ್ರೋಕ್ ಚೇತಕ್ ಸ್ಕೂಟರ್ ಎಳೆಯುತ್ತಿಲ್ಲವೇ? ಸೈಲೆನ್ಸರ್ ನೋಡಿ

ಲಕ್ಷಣ: ಒಂದೇ ಕಿಕ್‌ಗೆ ಸ್ಟಾರ್ಟ್, ಐಡ್ಲಿಂಗ್ ಸರಿ, ಹೆಬ್ಬಾಳ ಫ್ಲೈಓವರ್ ಏರುವಾಗ ಮಾತ್ರ ಮೂರನೇ ಗೇರಲ್ಲೇ ಉಸಿರುಗಟ್ಟುತ್ತಿತ್ತು. ಹೊಸ ಪ್ಲಗ್, ಕಾರ್ಬ್ಯುರೇಟರ್ ಕ್ಲೀನಿಂಗ್, ಏರ್ ಫಿಲ್ಟರ್ ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

ಸೈಲೆನ್ಸರ್ ಬಿಚ್ಚಿ ಕೆಲವೇ ಸೆಕೆಂಡ್ ಓಡಿಸಿದಾಗ (ಬೀದಿಯೇ ಎದ್ದು ಕೂರುತ್ತದೆ) ರೇಸ್ ಸಲೀಸಾಗಿ ಏರಿತು. ಅಂದರೆ ಹೊಗೆ ಹೋಗುವ ದಾರಿಯಲ್ಲಿ ಕಾರ್ಬನ್ (ಮಸಿ) ಕಟ್ಟಿದೆ.

ಎಂಜಿನ್ ತಣಿದ ಮೇಲೆ, ಪಿಸ್ಟನ್ ಎಕ್ಸಾಸ್ಟ್ ಪೋರ್ಟನ್ನು (ಸಿಲಿಂಡರಿನಿಂದ ಹೊಗೆ ಹೊರಬರುವ ಕಿಂಡಿ) ಪೂರ್ತಿ ಮುಚ್ಚುವಂತೆ ನಿಲ್ಲಿಸಿ, ಅಲ್ಲಿನ ಕಾರ್ಬನ್ನನ್ನು ಮರದ ಚಕ್ಕೆಯಿಂದ ಕೆರೆಯಿರಿ. ಪೋರ್ಟ್ ತೆರೆದಿದ್ದರೆ ಪುಡಿ ಸಿಲಿಂಡರಿಗೆ ಬೀಳುತ್ತದೆ. ಸ್ಕ್ರೂಡ್ರೈವರ್ ಬಳಸಿದರೆ ಪಿಸ್ಟನ್‌ಗೆ ಗೀರು. ಸೈಲೆನ್ಸರನ್ನು ಕಾಸ್ಟಿಕ್ ಸೋಡಾ ನೀರಲ್ಲಿ ರಾತ್ರಿಯಿಡೀ ನೆನೆಸಿ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರಲ್ಲ. ಗ್ಲೌಸ್, ಕನ್ನಡಕ ಕಡ್ಡಾಯ, ಅಲ್ಯೂಮಿನಿಯಂ ಪಾತ್ರೆ ಬೇಡ. ಪೇಂಟ್ ಏಳುತ್ತದೆ, ಏಳಲಿ. ಚೆನ್ನಾಗಿ ತೊಳೆದು ಒಣಗಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಬಿಗಿಯಿರಿ.

ಮತ್ತೆ ಬೇಗ ಕಾರ್ಬನ್ ಕಟ್ಟದಿರಲು, ಪೆಟ್ರೋಲಿಗೆ ಬೆರೆಸುವ 2ಟಿ (ಟೂ ಸ್ಟ್ರೋಕ್) ಆಯಿಲ್ ಲೀಟರಿಗೆ 20 ಮಿ.ಲೀ., ಅಳೆದೇ ಹಾಕಿ.