ಹೆಡ್‌ಲೈಟ್ ಒಳಗೆ ನೀರು: ಒಣಗಿಸುವ ಮುನ್ನ ಅದು ಬಂದ ದಾರಿ ಹುಡುಕಿ

ಡಿಸೆಂಬರ್ ತಿಂಗಳ ನಸುಕಿನಲ್ಲಿ ಚಿಕ್ಕಬಳ್ಳಾಪುರದಿಂದ ನಂದಿಬೆಟ್ಟಕ್ಕೆ ಹೊರಡುವ ಕಾರುಗಳ ಹೆಡ್‌ಲೈಟ್ ಒಳಮೈಯಲ್ಲಿ ತೆಳುವಾಗಿ ಮಂಜು ಕಟ್ಟಿರುವುದು ಸಾಮಾನ್ಯ. ಅದನ್ನು ಕಂಡೊಡನೆ ಸಿಲಿಕೋನ್ ಅಂಟು ತಂದು ದೀಪದ ಸುತ್ತಲೂ ಬಳಿದವರನ್ನು ಕಂಡಿದ್ದೇನೆ; ಮರುವರ್ಷದ ಮಳೆಗಾಲದಲ್ಲಿ ಅವೇ ದೀಪಗಳ ತಳದಲ್ಲಿ ನೀರು ನಿಂತಿದ್ದನ್ನೂ ಕಂಡಿದ್ದೇನೆ.

ಹೆಡ್‌ಲೈಟ್ ಪೂರ್ತಿ ಮುಚ್ಚಿದ ಡಬ್ಬಿಯಲ್ಲ. ದೀಪ ಉರಿದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ಆರಿಸಿದಾಗ ಹೊರಗಿನ ಗಾಳಿ ಒಳಬರುತ್ತದೆ. ಇದಕ್ಕಾಗಿಯೇ ಹಿಂಬದಿಯಲ್ಲಿ ಸಣ್ಣ ಗಾಳಿಕಿಂಡಿಗಳಿರುತ್ತವೆ. ಆದ್ದರಿಂದ ಮೊದಲು ದೀಪವನ್ನು ಅರ್ಧ ಗಂಟೆ ಉರಿಸಿ ನೋಡಿ. ಮಂಜು ಕರಗಿದರೆ ಏನನ್ನೂ ಮಾಡಬೇಡಿ. ಎಲ್‌ಇಡಿ ದೀಪ ಮುಂಭಾಗಕ್ಕೆ ಹೆಚ್ಚು ಶಾಖ ಕೊಡುವುದಿಲ್ಲವಾದ್ದರಿಂದ ಇನ್ನಷ್ಟು ಹೊತ್ತು ಕಾಯಬೇಕಾಗಬಹುದು. ಹನಿಗಳು ಸಾಲಾಗಿ ಇಳಿಯುತ್ತಿದ್ದರೆ ಅಥವಾ ತಳದಲ್ಲಿ ನೀರು ನಿಂತಿದ್ದರೆ ಮಾತ್ರ ದೀಪ ಸೋರುತ್ತಿದೆ ಎಂದು ತಿಳಿಯಿರಿ. ಕಾರು ವಾರಂಟಿಯಲ್ಲಿದ್ದರೆ ಅಲ್ಲಿಗೇ ನಿಲ್ಲಿಸಿ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ದೀಪ ಆರಿಸಿ, ತಣ್ಣಗಾದ ಮೇಲೆ ಬಾನೆಟ್ ಎತ್ತಿ, ಬಲ್ಬಿನ ಹಿಂದೆ ನೀರು ತಡೆಯಲು ಇರುವ ರಬ್ಬರ್ ಹೊದಿಕೆಯನ್ನೋ (ಇದನ್ನೇ ಬೂಟ್ ಎನ್ನುತ್ತಾರೆ) ಮುಚ್ಚಳವನ್ನೋ ಪರೀಕ್ಷಿಸಿ. ಜನ ಎಡವುವುದು ಇಲ್ಲಿಯೇ. ಬಲ್ಬು ಬದಲಿಸುವಾಗ ಅವಸರದಲ್ಲಿ ಬೂಟಿನ ಅಂಚನ್ನು ಮಡಚಿಯೇ ಬಿಟ್ಟಿರುತ್ತಾರೆ, ಇಲ್ಲವೇ ಫ್ಯಾನ್ ಇರುವ ಎಲ್‌ಇಡಿ ಬಲ್ಬು ಹಿಡಿಸುವುದಿಲ್ಲವೆಂದು ಮುಚ್ಚಳವನ್ನೇ ಕೊರೆದಿರುತ್ತಾರೆ. ಅಂತಹ ಬಲ್ಬನ್ನು ಹಾಕಿಸಿಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬೂಟನ್ನು ಕಳಚಿ ಬೆರಳಿನಿಂದ ಹಿಗ್ಗಿಸಿ ನೋಡಿದಾಗ ಸೀಳು ಕಂಡರೆ ಹೊಸದನ್ನೇ ಹಾಕಿ. ಕೆಲವು ಬೂಟುಗಳ ಮೇಲೆ ‘ಟಾಪ್’ ಎಂದು ಅಚ್ಚಾಗಿರುತ್ತದೆ. ಅದು ಮೇಲೇ ಬರಬೇಕು. ಬಲ್ಬಿನ ಪಿನ್ನುಗಳು ನಡುವಿನ ರಂಧ್ರದಿಂದ ಪೂರ್ತಿ ಹೊರಬರುವಂತೆ ಒತ್ತಿ, ಅನಂತರ ಹೊರ ಅಂಚನ್ನು ಸುತ್ತಲೂ ಬೆರಳಾಡಿಸಿ ಕೂರಿಸಿ. ಕಣ್ಣಿಗೆ ಕಾಣದ ಕೆಳಭಾಗವನ್ನು ಎರಡು ಬಾರಿ ಮುಟ್ಟಿ ನೋಡಿ. ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಹಿಂಬದಿ ಸರಿಯಿದ್ದರೆ ದೀಪವನ್ನು ಬಿಚ್ಚಿ ಹೊರತೆಗೆಯಿರಿ. ಮುಂಗಾಜೂ ಡಬ್ಬಿಯೂ ಸೇರುವ ಅಂಚಿನ ಸುತ್ತ ಸೋಪಿನ ನೀರು ಹಚ್ಚಿ, ಉಳಿದ ಕಿಂಡಿಗಳನ್ನು ಟೇಪಿನಿಂದ ಮುಚ್ಚಿ, ಒಂದು ಕಿಂಡಿಯ ಮೂಲಕ ಬಾಯಿಂದ ಮೆಲ್ಲಗೆ ಊದಿದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಆ ಜಾಗಕ್ಕೆ ಗುರುತು ಮಾಡಿ, ಟೇಪನ್ನು ತಪ್ಪದೆ ಕಿತ್ತುಹಾಕಿ. ಕಿಂಡಿಯೊಳಗೆ ಧೂಳು ಕಟ್ಟಿದ್ದರೆ ಅದನ್ನೂ ತೆಗೆಯಿರಿ, ಆದರೆ ಕಿಂಡಿಗೆ ಎಂದೂ ಗೋಂದು ತುಂಬಬೇಡಿ.

ಇನ್ನು ಒಣಗಿಸುವುದು. ಬಲ್ಬು ತೆಗೆದ ರಂಧ್ರವನ್ನು ಕೆಳಗೆ ಮಾಡಿ ನೀರು ಬಸಿದು, ಹೇರ್ ಡ್ರೈಯರನ್ನು ಕಡಿಮೆ ಶಾಖದಲ್ಲಿ ದೂರದಿಂದ ಹಿಡಿಯಿರಿ. ಗಾಜೆಂದು ಕರೆದರೂ ಈಗಿನ ಬಹುತೇಕ ಕಾರುಗಳಲ್ಲಿ ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಆಗಿರುವುದರಿಂದ ಹೀಟ್ ಗನ್ ಬೇಡ. ಒಳಗೆ ಬಟ್ಟೆ ತೂರಿಸಿ ಒರೆಸಲೂಬೇಡಿ. ಬೆಳಕನ್ನು ಮುಂದಕ್ಕೆ ತಿರುಗಿಸುವ ರಿಫ್ಲೆಕ್ಟರಿನ ಮೇಲಿನ ಅಲ್ಯೂಮಿನಿಯಂ ಲೇಪನ ಬಹಳ ತೆಳುವಾಗಿದ್ದು, ಒಮ್ಮೆ ಉಜ್ಜಿದರೂ ಹಾಳಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣವನ್ನು ಒಳಗೇ ಬಿಡುವ ಅಡ್ಡದಾರಿಯೂ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅದು ತೇವ ಹೀರಿ ತುಂಬಿದ ಮೇಲೆ ನಿಷ್ಪ್ರಯೋಜಕವಾಗುತ್ತದೆ, ಬಿಸಿ ಬಲ್ಬಿಗೆ ತಾಗುವ ಅಪಾಯವೂ ಇದೆ.

ಗುರುತಿಸಿದ ಬಿರುಕಿಗೆ ರಬ್ಬರಿನಂತಹ ಅಂಟಾದ ಬ್ಯುಟೈಲ್ ಸೀಲಂಟೇ ನನ್ನ ಆಯ್ಕೆ. ಸಿಲಿಕೋನೇ ಸಿಕ್ಕರೆ ನ್ಯೂಟ್ರಲ್ ಕ್ಯೂರ್ (ಒಣಗುವಾಗ ಆಮ್ಲ ಬಿಡದ್ದು) ಎಂದು ಬರೆದಿರುವುದನ್ನು ಮಾತ್ರ ಕೊಳ್ಳಿ; ವಿನೆಗರ್ ವಾಸನೆ ಬರುವ ಅಗ್ಗದ ಟ್ಯೂಬು ಒಣಗುವಾಗ ಹೊರಬಿಡುವ ಅಸಿಟಿಕ್ ಆಮ್ಲದ ಆವಿ ರಿಫ್ಲೆಕ್ಟರನ್ನು ಮಂಕಾಗಿಸುತ್ತದೆ.

ಸೀಲಂಟ್ ಒಂದು ದಿನ ಒಣಗಿದ ಬಳಿಕ ದೀಪವನ್ನು ಕೂರಿಸಿ, ಪೈಪಿನಿಂದ ಹತ್ತು ನಿಮಿಷ ಸಾಧಾರಣ ವೇಗದಲ್ಲಿ ನೀರು ಬಿಟ್ಟು ನೋಡಿ. ವಾಟರ್ ಸರ್ವಿಸ್‌ನವರ ಒತ್ತಡದ ಪೈಪನ್ನು ಅಂಚಿಗೆ ನೇರವಾಗಿ ಹಿಡಿಯಲು ಬಿಡಬೇಡಿ. ದೀಪ ಬಿಚ್ಚಿ ಜೋಡಿಸಿದ್ದರಿಂದ ಅದರ ಫೋಕಸ್ ಸರಿದಿರಬಹುದು. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ರಾತ್ರಿ ಓಡಿಸುವ ಮುನ್ನ ಗೋಡೆಯೆದುರು ಕಾರು ನಿಲ್ಲಿಸಿ, ಎರಡೂ ಬೆಳಕು ಒಂದೇ ಎತ್ತರದಲ್ಲಿ ಬೀಳುತ್ತಿವೆಯೇ ಎಂದು ನೋಡಿಕೊಳ್ಳಿ.