ವೃದ್ಧಾಶ್ರಮ ಕಟ್ಟಲಿಲ್ಲ, ಓಣಿಯನ್ನೇ ಸರಿ ಮಾಡಿದೆವು

ಎರಡು ಮಳೆಗಾಲ ಕಳೆದವು. ಹಿರಿಯರು ಓಡಾಡಲೆಂದು ತಪ್ಪು ತಿದ್ದಿ ಮಾಡಿದ ಇಳಿಜಾರು ಬಿರುಕು ಬಿಟ್ಟಿಲ್ಲ, ಅವರು ಕೈಯಿಂದ ಹಿಡಿಯುವ ಹಿಡಿಪೈಪು ಅಲುಗಾಡಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಹುನಗುಂದ ಕಡೆಯ ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಹಿರಿಯರ ಮಾತು ಬಂದಾಗ ಹೆಚ್ಚಿನವರು ಕೇಳಿದ್ದು ವೃದ್ಧಾಶ್ರಮದ ಕಟ್ಟಡ. ನಾವು ಹಿಡಿದದ್ದು ಬೇರೆ ದಾರಿ. ಹಿರಿಯರು ಅವರವರ ಮನೆಯಲ್ಲೇ ಇರಲಿ, ಮನೆ, ಸಂಡಾಸು, ಓಣಿ ಮೂರೂ ಅವರ ಕಾಲಿಗೆ ಹೊಂದಲಿ, ಹಗಲು ಕೂಡಲು ಒಂದು ಜಾಗ ಇರಲಿ. "ಇದ್ರಿಂದ ಏನಾಗತೈತ್ರಿ" ಎಂದವರು ಈಗ ತಮ್ಮ ಓಣಿಗೂ ಮಾಡಿಕೊಡಿ ಎಂದು ಅರ್ಜಿ ಹಿಡಿದು ಬಂದಿದ್ದಾರೆ.

ಮೊದಲ ಪೆಟ್ಟು ಮನೆ ಕಟ್ಟುವ ಸರ್ಕಾರಿ ಸಹಾಯಧನದ ಬಿಲ್ಲಿನಲ್ಲಿ. ಪಿಎಂ ಆವಾಸ್ ಗ್ರಾಮೀಣದಲ್ಲಿ ನಮಗೆ ಸಿಕ್ಕದ್ದು ಮನೆಗೆ 1.20 ಲಕ್ಷ, ಜೊತೆಗೆ ಉದ್ಯೋಗ ಖಾತರಿಯ (ನರೇಗಾ) 90 ದಿನದ ಕೂಲಿ. ಹಂತ ಮುಗಿದು ಫೋಟೊ ಏರಿದ ಮೇಲೆಯೇ ಮುಂದಿನ ಕಂತು. ಒಂಟಿ ಅಜ್ಜಿ ಆ ಹಂತ ಮುಗಿಸುವ ದುಡ್ಡು ಎಲ್ಲಿಂದ ತಂದಾಳು? ಐದಾರು ಮನೆ ತಳಪಾಯಕ್ಕೇ ನಿಂತವು. ಫಲಾನುಭವಿ ವಯಸ್ಸಾದವರು, ಅಶಕ್ತರು, ಅಂಗವಿಕಲರಾಗಿದ್ದು ತಾವೇ ಕಟ್ಟಿಸಿಕೊಳ್ಳಲಾಗದಿದ್ದರೆ ಅಂಥ ಮನೆಯನ್ನು ಗೌಂಡಿ (ಮನೆ ಕಟ್ಟುವ ಮೇಸ್ತ್ರಿ) ತರಬೇತಿಯಲ್ಲಿ ಸೇರಿಸಿ ಕಟ್ಟಿಸಬೇಕೆಂದು ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಇದನ್ನು ಓದದೆ ನಾವು ಒಂದು ವರ್ಷ ಕಳೆದೆವು. ತರಬೇತಿಗೆ ಸೇರದ ಮನೆಗಳಿಗೆ ಮಹಿಳಾ ಸಂಘಗಳ ಒಕ್ಕೂಟ ಜಾಮೀನು ನಿಂತು ಸಿಮೆಂಟ್ ಅಂಗಡಿಯಲ್ಲಿ ಉದ್ರಿ ಕೊಡಿಸಿತು. ಬಿಲ್ಲು ಬಂದ ವಾರವೇ ಉದ್ರಿ ತೀರಬೇಕು, ಅಷ್ಟೇ ಷರತ್ತು. ಒಂದೂ ಮುಳುಗಲಿಲ್ಲ. ಅಂಗಡಿಯವರನ್ನು ಒಪ್ಪಿಸಿದ ಬಗೆ ಮಾತ್ರ ನಮ್ಮಲ್ಲೇ ಇರಲಿ.

ಇಳಿಜಾರಿನಲ್ಲಿ ಕಳೆದುಕೊಂಡದ್ದು ಹೆಚ್ಚು. ಮನೆ ಮುಂದಿನ ಕಟ್ಟೆ ಒಂದೂವರೆ ಫೂಟು ಎತ್ತರವಿದ್ದರೆ, ಒಂದು ಫೂಟು ಎತ್ತರಕ್ಕೆ ಹನ್ನೆರಡು ಫೂಟು ಉದ್ದದ ಲೆಕ್ಕದಲ್ಲಿ 18 ಫೂಟು ಉದ್ದ ಬೇಕು. ನಮ್ಮ ಓಣಿಯ ಅಗಲವೇ ಎಂಟೊಂಬತ್ತು ಫೂಟು. ಮನೆಗೊಂದು ಇಳಿಜಾರು ಮಾಡಲು ಹೋಗಿ, ಜಾಗ ಸಾಲದೆ, ಮೊದಲ ಮೂರು ಜಾರುಬಂಡಿಯಂತಾದವು, ಒಡೆಸಿದೆವು. ಆಮೇಲೆ ನಾಲ್ಕು ಮನೆಯ ಕಟ್ಟೆಗಳನ್ನು ಒಂದಕ್ಕೊಂದು ಜೋಡಿಸಿ, ತುದಿಗೆ ಒಂದೇ ಇಳಿಜಾರನ್ನು ಗೋಡೆಗುಂಟ ಇಳಿಸಿದೆವು. ನಾಲ್ಕಕ್ಕೆ ಮಾಡುವ ಖರ್ಚು ಒಂದಕ್ಕೆ ಇಳಿಯಿತು. ಈಗ ಅದೇ ದಾರಿಯಲ್ಲಿ ಹಾಲಿನ ಕ್ಯಾನು ಹೋಗುತ್ತದೆ, ಬಾಣಂತಿ ಹೋಗುತ್ತಾಳೆ, ಜೋಳದ ಚೀಲ ಹೇರಿದ ಸೈಕಲ್ಲೂ ಹೋಗುತ್ತದೆ.

ಎರೆಮಣ್ಣಿನ (ಕಪ್ಪು ಮಣ್ಣಿನ) ಮೇಲೆ ನೇರ ಕಾಂಕ್ರೀಟು ಹಾಕಿದ್ದು ಇನ್ನೊಂದು ತಪ್ಪು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೊದಲ ವರ್ಷವೇ ಬೆರಳು ಹೋಗುವಷ್ಟು ಸೀಳು ಬಿತ್ತು. ಈಗ ಎರಡು ಫೂಟು ಅಗೆದು ಎರೆ ತೆಗೆದು, ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ, ಅರ್ಧರ್ಧ ಫೂಟಿಗೆ ನೀರು ಹೊಡೆದು ದಿಮ್ಮಸ್ಸು ಹಾಕುತ್ತೇವೆ. ಇಳಿಜಾರನ್ನು ಕಟ್ಟೆಗೆ ಕಟ್ಟಿಹಾಕುವುದಿಲ್ಲ, ನಡುವೆ ಅರ್ಧ ಇಂಚು ಸಂದು ಬಿಟ್ಟು ಡಾಂಬರು ತುಂಬುತ್ತೇವೆ. ಮೇಲ್ಮೈಗೆ ಕಸಬರಿಗೆಯ ಗೀರು ಬೇಕು. ಇಳಕಲ್ ಗ್ರಾನೈಟು ಹತ್ತಿರ ಸಿಗುತ್ತದೆಂದು ಪಾಲಿಶ್ ಹೊಡೆದದ್ದು ಹಾಕಿದಿರೋ, ಮಳೆಯಲ್ಲಿ ಜಾರುವುದು ಖಂಡಿತ. ಉಳಿಯಲ್ಲಿ ಒರಟು ಮಾಡಿದ ಕಲ್ಲೇ ಆಗಬೇಕು.

ಹಿಡಿಪೈಪು ಗಟ್ಟಿಯಿರಲಿ ಎಂದು ಒಂದೂವರೆ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತಂದಿದ್ದೆವು. ಅದರ ಹೊರಸುತ್ತು ಮುದುಕರ ಮುಷ್ಟಿಗೆ ದಪ್ಪ, ಹಿಡಿತ ಸಿಗಲಿಲ್ಲ. ಒಂದು ಇಂಚಿನದು ಸರಿ. ಹೊರಗಿನ ಅಳತೆ 33–34 ಮಿ.ಮೀ. ಬರುತ್ತದೆ, ಬೆರಳು ಪೂರ್ತಿ ಸುತ್ತುತ್ತದೆ. ಇಳಿಜಾರಿನಲ್ಲಿ ಎತ್ತರ ಮೂರು ಫೂಟಿಗೆ ಸ್ವಲ್ಪ ಕಡಿಮೆ. ಸಂಡಾಸಿನಲ್ಲಿ ಕಲ್ಲು-ಮಣ್ಣಿನ ಗೋಡೆಗೆ ಬೋಲ್ಟು ಹೊಡೆದರೆ ನಿಲ್ಲುವುದಿಲ್ಲ, ಮೈಭಾರ ಬಿದ್ದ ದಿನ ಕಿತ್ತು ಬರುತ್ತದೆ. ಗೋಡೆ ಬಿಟ್ಟು, ಪೈಪನ್ನು ಕಮಾನಿನಂತೆ ಬಗ್ಗಿಸಿ ಎರಡೂ ಕಾಲನ್ನು ನೆಲದಲ್ಲಿ ಒಂದು ಫೂಟು ಆಳ ಕಾಂಕ್ರೀಟಿನಲ್ಲಿ ಹೂಳಿದೆವು. ಕುಕ್ಕರುಗಾಲಿನ ಬೇಸಿನ್ ಒಡೆಯಲಿಲ್ಲ. ಅದರ ಮೇಲೆ 17 ಇಂಚು ಎತ್ತರದ ಕಬ್ಬಿಣದ ಕುರ್ಚಿ ಇಟ್ಟೆವು, ಕಾಲಿಗೆ ರಬ್ಬರ್ ಬೂಟು. ವೆಲ್ಡಿಂಗ್ ಅಂಗಡಿಯಲ್ಲಿ ಕುರ್ಚಿ ಸುಮಾರು ಒಂದೂವರೆ ಸಾವಿರ, ಪೈಪು ಸೇರಿ ಮನೆಗೆ ನಾಲ್ಕು ಸಾವಿರದೊಳಗೆ ಮುಗಿದಂತೆ ನೆನಪು. ಖಾಸಗಿ ಮನೆಯೊಳಗೆ ಪಂಚಾಯಿತಿ ದುಡ್ಡು ಹಾಕಿದರೆ ಆಡಿಟ್ ಆಕ್ಷೇಪ ಬರುತ್ತದೆ, ನಮಗೂ ಬಂತು. ಅದಕ್ಕೆ ಓಣಿ, ಇಳಿಜಾರು ಪಂಚಾಯಿತಿಯಿಂದ, ಒಳಗಿನ ಪೈಪು, ಕುರ್ಚಿ ಜಾತ್ರಾ ಕಮಿಟಿಯ ದೇಣಿಗೆಯಿಂದ.

ತಗಡಿನ ಮನೆಯ ಬಿಸಿಗೆ ಕಬ್ಬಿನ ರವದಿ (ಒಣ ಎಲೆ) ಹೊದಿಸಿ ನೋಡಿದೆವು. ತಂಪಾಯಿತು, ಆದರೆ ಇಲಿ ಸೇರಿತು, ಇಲಿಯ ಹಿಂದೆ ಹಾವು. ಬೆಂಕಿಯ ಭಯ ಬೇರೆ. ಕಿತ್ತು ಹಾಕಿ ಸುಣ್ಣಕ್ಕೆ ಅಂಟು ಕಲಸಿ ಎರಡು ಕೈ ಬಳಿದೆವು. ವರ್ಷಕ್ಕೊಮ್ಮೆ ಯುಗಾದಿಗೆ ಮುಂಚೆ ಬಳಿಯಬೇಕು. ಅಂಟಿನ ಪ್ರಮಾಣ ನಮ್ಮ ಗೌಂಡಿಯ ಗುಟ್ಟು.

ಹಗಲಿನ ಜಾಗಕ್ಕೆ ಹಳೆಯ ಪಂಚಾಯಿತಿ ಕೋಣೆ ಸಾಕಾಯಿತು. ಮಧ್ಯಾಹ್ನಕ್ಕೆ ರೊಟ್ಟಿ ಕೊಟ್ಟಾಗ ಹಲ್ಲಿಲ್ಲದವರು ಮುರಿದು ಸಾರಿನಲ್ಲಿ ನೆನೆಯಿಟ್ಟು ಕಾಯುತ್ತಿದ್ದರು. ಈಗ ಜೋಳದ ನುಚ್ಚು, ಮಜ್ಜಿಗೆ. ಅಜ್ಜಿಯರು ಕೌದಿ ಹೊಲಿಯುತ್ತಾರೆ. ಆಶಾ ಕಾರ್ಯಕರ್ತೆಗೆ ಮನೆಮನೆ ಅಲೆಯುವುದು ತಪ್ಪಿತು, ಬಿಪಿ-ಶುಗರ್ ನೋಡುವ ದಿನ ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಅತ್ತೆಯನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಿದ್ದ ಸೊಸೆಯರು ಮತ್ತೆ ಕೂಲಿಗೆ ಹೋಗುತ್ತಿದ್ದಾರೆ. ನಾವು ಲೆಕ್ಕ ಹಾಕದೇ ಇದ್ದ ದೊಡ್ಡ ಲಾಭ ಅದೇ.

ಹಿರಿಯರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯ ದುಡ್ಡು ತೆಗೆಯುವಾಗ, ದುಡಿದು ಸವೆದ ಹೆಬ್ಬೆಟ್ಟು ಯಂತ್ರಕ್ಕೆ ಹತ್ತುವುದಿಲ್ಲ. ಬಿಸಿನೀರಲ್ಲಿ ಕೈ ತೊಳೆಸಿ, ಒರೆಸಿ, ಬೇರೆ ಬೆರಳು ಇಡಿಸಿ. ಆಗದಿದ್ದರೆ ಕಣ್ಣು ನೋಡಿ ಗುರುತು ಹಿಡಿಯುವ ಯಂತ್ರವಿರುವಲ್ಲಿಗೆ ಕರೆದೊಯ್ಯಿರಿ.

ಮನೆಯನ್ನು ಮಗನ ಹೆಸರಿಗೆ ಬರೆದುಕೊಡುವ ಅಜ್ಜ-ಅಜ್ಜಿಯರಿಗೆ ನಾವು ಮೊದಲೇ ಹೇಳುತ್ತೇವೆ: ನನ್ನ ಊಟ, ವಸತಿ, ಔಷಧ ನೋಡಿಕೊಳ್ಳಬೇಕು ಎಂಬ ಷರತ್ತು ಬಕ್ಷೀಸು ಪತ್ರದಲ್ಲೇ (ದಾನಪತ್ರದಲ್ಲೇ) ಇರಲಿ. ಆ ಸಾಲು ಇದ್ದರೆ, ನೋಡಿಕೊಳ್ಳದ ದಿನ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ಮುಂದೆ ಪತ್ರ ರದ್ದು ಮಾಡಿಸಲು ಹೋಗಬಹುದು. ಪತ್ರ ಬರೆಯುವವರ ಹತ್ತಿರ ಹೋಗುವ ಮುಂಚೆ ಆ ಸಾಲನ್ನು ಚೀಟಿಯಲ್ಲಿ ಬರೆದು ಅಜ್ಜಿಯ ಕೈಗೇ ಕೊಟ್ಟು ಕಳಿಸುತ್ತೇವೆ.